ಎದುರಿಗೇ ಕುಳಿತವರ ಮುಂದೆ ಇಸ್ಪೀಟೆಲೆ ಜಾದೂ: ಯಾವ ಕೈಚಳಕ ನಡೆದೀತು?

ವೇಲಚೇರಿ: ಜಾದೂ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ವೇದಿಕೆ. ಮಂಗಳೂರಿನ ಕುದ್ರೋಳಿ ಗಣೇಶ್ ಅವರಂತಹ ಕಲಾವಿದರ ಪ್ರದರ್ಶನಕ್ಕೆ ಬೆಳಕು, ಸಂಗೀತ, ತಂಡ ಎಲ್ಲದರ ಬೆಂಬಲವಿರುತ್ತದೆ. ಚೆನ್ನೈಯ ನಮ್ಮ ಮನೆಗಳಲ್ಲಿ ಮಕ್ಕಳು ಮೊಬೈಲ್ ನೋಡಿ ಕಲಿಯುವ ಜಾದೂ ಬೇರೆ ಬಗೆಯದು. ಕೈಯಲ್ಲಿ ಒಂದು ಕಟ್ಟು ಇಸ್ಪೀಟೆಲೆ, ಎರಡಡಿ ದೂರದಲ್ಲಿ ಆರೇಳು ಜನ. ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಹುಡುಗ ಸಂಘದ ಕೂಟದಲ್ಲಿ ಮೊದಲ ಸಲವೇ ಸಿಕ್ಕಿಬಿದ್ದರೆ ಮತ್ತೆ ಎಲೆ ಮುಟ್ಟಲು ಹಿಂಜರಿಯುತ್ತಾನೆ. ಬಹಳ ಸಲ ಇದಕ್ಕೆ ಕಾರಣ, ಸಂದರ್ಭಕ್ಕೆ ಒಗ್ಗದ ಕೈಚಳಕದ ಆಯ್ಕೆ.

ವಿಡಿಯೊ ಬೇರೆ, ಮನೆ ಬೇರೆ

ಕ್ಯಾಮೆರಾ ಒಂದೇ ಕಡೆಯಿಂದ ನೋಡುತ್ತದೆ. ತಪ್ಪಿದರೆ ಮತ್ತೆ ಚಿತ್ರೀಕರಿಸಬಹುದು. ಮನೆಯಲ್ಲಿ ಅಜ್ಜ ಎಡಗಡೆ, ಪುಟ್ಟ ತಂಗಿ ಬೆನ್ನ ಹಿಂದೆ, ಗೋಡೆಯಲ್ಲಿ ಷೋಕೇಸಿನ ಗಾಜು. ಎಲೆಯನ್ನು ಅಂಗೈಯಲ್ಲಿ ಅಡಗಿಸುವ 'ಪಾಮ್', ಕಟ್ಟಿನ ಮೇಲಿನ ಮತ್ತು ಕೆಳಗಿನ ಭಾಗಗಳನ್ನು ಗುಟ್ಟಾಗಿ ಅದಲುಬದಲು ಮಾಡುವ 'ಪಾಸ್' ಇಂತಹ ಕಡೆ ಬೇಗ ಬಯಲಾಗುತ್ತವೆ. ಇವುಗಳಲ್ಲಿ ಹಲವು ಜೂಜಿನ ಮೇಜಿನಿಂದ ಬಂದವು. 1902ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಅರ್ಡ್‌ನೇಸ್ ಎಂಬ ಹೆಸರಿನಲ್ಲಿ ಪ್ರಕಟವಾದ ಪ್ರಸಿದ್ಧ ಪುಸ್ತಕದ ದೊಡ್ಡ ಭಾಗ ಜೂಜಿನ ಕೈಚಳಕವೇ. ಚಾಪೆಯ ಮೇಲೆ ಸುತ್ತ ಕುಳಿತ ನೆಂಟರಿಗೆ ಅದೆಲ್ಲ ಒಗ್ಗುವುದಿಲ್ಲ.

ಹೊಸಬರಿಗೆ ಮೂರು ಸಾಕು. ಎರಡೆಲೆಗಳನ್ನು ಒಂದೇ ಎಂಬಂತೆ ತಿರುಗಿಸುವ 'ಡಬಲ್ ಲಿಫ್ಟ್'. ಮೇಲಿನ ಎಲೆ ಜಾಗ ಬಿಡದಂತೆ ಕಟ್ಟನ್ನು ಕಲಸುವುದು. ಬೇಕಾದ ಎಲೆಯನ್ನೇ ಎದುರಿನವರು ಆರಿಸುವಂತೆ ಮಾಡುವ 'ಫೋರ್ಸ್'. ಬೆನ್ನ ಹಿಂದೆ ಯಾರೂ ಇರದಂತೆ ಗೋಡೆಗೆ ಒರಗಿ ಕುಳಿತರೆ ಅರ್ಧ ಗೆದ್ದಂತೆ.

ನಮ್ಮೂರಿನ ಹವೆಯನ್ನೂ ಗಮನಿಸಬೇಕು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಮಳೆಗಾಲದಲ್ಲಿ ಎಲೆಗಳು ತೇವ ಹೀರಿ ಅಂಟಿಕೊಳ್ಳುತ್ತವೆ. ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಇದು ಗೊತ್ತು: ಅಂತಹ ದಿನ ಎರಡು ನೋಟು ಒಂದಾಗಿ ಬರುತ್ತವೆ. ಜಾದೂವಿನಲ್ಲೂ ಎರಡೆಂದು ಹಿಡಿದರೆ ಮೂರೆಲೆ ಎದ್ದೀತು. ಹೊಸ ಕಟ್ಟು, ಒಣಗಿದ ಕೈ, ಸ್ವಲ್ಪ ನಿಧಾನದ ಫ್ಯಾನ್ ಇರಲಿ.

ಹೂಡಿನಿಯೂ ಸೋತ

ಯಾವ ಟ್ರಿಕ್ಕನ್ನಾದರೂ ಮೂರು ಸಲ ನೋಡಿದರೆ ಗುಟ್ಟು ಹೇಳಬಲ್ಲೆ ಎನ್ನುತ್ತಿದ್ದವನು ಜಗತ್ಪ್ರಸಿದ್ಧ ಹೂಡಿನಿ. 1922ರಲ್ಲಿ ಷಿಕಾಗೋದಲ್ಲಿ ಡಾಯ್ ವರ್ನನ್ ಅವನಿಂದ ಒಂದು ಎಲೆಯ ಮೇಲೆ ಹೆಸರಿನ ಮೊದಲಕ್ಷರ ಬರೆಸಿ, ಮೇಲಿನಿಂದ ಎರಡನೆಯದಾಗಿ ಇಟ್ಟರು. ಅದು ಮೇಲಕ್ಕೆ ಬಂತು. ಮತ್ತೆ ಮತ್ತೆ ಮಾಡಿದರೂ ಹೂಡಿನಿಗೆ ಹೊಳೆಯಲಿಲ್ಲ. ತೋರಿಸಿದ್ದು ಒಂದೇ ಟ್ರಿಕ್. ಎರಡೂ ಮುಖ ಹಿಂಬದಿಯಂತೆ ಕಾಣುವ ವಿಶೇಷ ಎಲೆಯ ನೆರವಿತ್ತೆಂದೂ ಬಲ್ಲವರು ಹೇಳುತ್ತಾರೆ. ಅಂದರೆ ಕಷ್ಟದ ದಾರಿಯೇ ಆಗಬೇಕೆಂದಿಲ್ಲ.

ಮಾತೇ ಮರೆ

ಕೈಚಳಕಕ್ಕೆ ದೊಡ್ಡ ಮರೆ ಮಾತು. ಎಲೆ ತಿರುಗಿಸುವ ಹೊತ್ತಿಗೆ "ಅಜ್ಜಿ, ನಿಮ್ಮ ತವರೂರು ಯಾವುದು?" ಎಂದು ಮುಖ ನೋಡಿ ಕೇಳಿದರೆ ಅಜ್ಜಿಯ ಕಣ್ಣು ಕೈಯನ್ನು ಬಿಟ್ಟು ಹುಡುಗನ ಮುಖಕ್ಕೆ ಬರುತ್ತದೆ. ಅಷ್ಟು ಹೊತ್ತು ಸಾಕು. ವಿಡಿಯೊದಲ್ಲಿ ಹಿನ್ನೆಲೆ ಸಂಗೀತದಿಂದ ನಡೆದುಹೋಗುತ್ತದೆ. ಎದುರಿಗೆ ಜನರಿರುವಾಗ ನಡೆಯದು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು ಆಡುವ ನಮ್ಮ ಮಕ್ಕಳು ಹಿರಿಯರೊಡನೆ ಕನ್ನಡದಲ್ಲಿ ಎರಡು ಮಾತಾಡಲು ತಡವರಿಸುತ್ತಾರೆ. ಎಷ್ಟೋ ಸಲ ಬೆರಳು ಸರಿಯಿದ್ದರೂ ಜಾದೂ ಕೆಡುವುದು ಇಲ್ಲಿಯೇ. ಐದು ನಿಮಿಷದ ಇಸ್ಪೀಟಿಗೆ ಐವತ್ತು ಕನ್ನಡ ವಾಕ್ಯ ಕಲಿತರೆ ಲಾಭ ಯಾರಿಗೆ ಎಂದು ಪೋಷಕರೇ ಲೆಕ್ಕ ಹಾಕಲಿ.

ಸಂಘಗಳ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಇಂತಹ ಮಕ್ಕಳನ್ನು ಮೈಕಿನ ಮುಂದೆ, ದೂರದ ವೇದಿಕೆಯಲ್ಲಿ ನಿಲ್ಲಿಸಬೇಡಿ. ಹಿಂದಿನ ಸಾಲಿಗೆ ಎಲೆಯೇ ಕಾಣುವುದಿಲ್ಲ. ಊಟಕ್ಕೆ ಮೊದಲು ಆರೇಳು ಜನರ ಗುಂಪಿನಿಂದ ಗುಂಪಿಗೆ ಕಳುಹಿಸಿ. ಹಣ ಕಟ್ಟಿ ಆಡುವ ಮಾತು ಮಾತ್ರ ಬೇಡ. ರಸ್ತೆಬದಿಯಲ್ಲಿ 'ಮೂಣು ಸೀಟ್ಟು' ಆಡಿಸುವವರದೂ ಕೈಚಳಕವೇ, ಆದರೆ ಅಲ್ಲಿ ಹೋಗುವುದು ನೋಡುಗರ ದುಡ್ಡು. ನಮ್ಮ ಮಕ್ಕಳ ಆಟದಲ್ಲಿ ನೋಡುಗರಿಗೆ ಸಿಗುವುದು ಅಚ್ಚರಿ, ಜೊತೆಗೆ ನಾಲ್ಕು ಕನ್ನಡದ ಮಾತು.