ಶಾಲಿ ಸುದ್ದಿ ಅವ್ವಗ ಮುಟ್ಟಿತೇನ್ರಿ?

ರಾತ್ರಿ ಒಂಬತ್ತೂವರೆ. ಊಟ ಮುಗಿದು, ಪಾತ್ರೆ ತೊಳೆದಿಟ್ಟು, ಇನ್ನೇನು ಸ್ವಲ್ಪ ಹೊತ್ತು ಟಿವಿ ಮುಂದೆ ಕೂರೋಣ ಅನ್ನುವಷ್ಟರಲ್ಲಿ, ಮಲಗಿದ್ದ ಮಗ ಥಟ್ಟನೆ ಎದ್ದು ಕೂರುತ್ತಾನೆ. 'ಅವ್ವಾ, ನಾಳೆ ಐದ ನಮೂನಿ ಕಾಳು ಚಾರ್ಟ್ ಪೇಪರ್‌ಗೆ ಅಂಟಿಸ್ಕೊಂಡ ಬರ್ರಿ ಅಂದಾರ ಅಕ್ಕೋರು!' ಕಾಳೇನೋ ಡಬ್ಬಿಯಲ್ಲಿವೆ. ಆ ಹೊತ್ತಿನಲ್ಲಿ ಚಾರ್ಟ್ ಪೇಪರ್ ಎಲ್ಲಿಂದ ತರುವುದು? ಮಗನಿಗೆ ಬೈಗುಳ, ಅಕ್ಕೋರಿಗೆ ಮನಸ್ಸಿನಲ್ಲೇ ಶಾಪ, ಕಡೆಗೆ ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಕಾಳು ಅಂಟಿಸಿ ಮಲಗುವಾಗ ಹನ್ನೊಂದು ಗಂಟೆ. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ?

ಇದು ನಕ್ಕು ಮರೆಯುವ ಮಾತು. ಆದರೆ ಶಾಲೆಯ ಸುದ್ದಿ ಮನೆಗೆ ಸರಿಯಾಗಿ ಮುಟ್ಟದಿದ್ದರೆ ಕೆಲವೊಮ್ಮೆ ಮಗುವಿನ ಮನಸ್ಸಿಗೇ ಪೆಟ್ಟು ಬೀಳುತ್ತದೆ. ನನ್ನದೇ ಮನೆಯ ಕಥೆ ಕೇಳಿ.

ಬರಿಗೈಲಿ ನಿಂತ ಮಗಳು

ಮಗಳು ಆಗ ಮೂರನೇ ತರಗತಿ. ಶಾಲೆಯಲ್ಲಿ ಮಕ್ಕಳ ಸಂತೆ ಇಟ್ಟಿದ್ದರು. ಕೂಡುವ ಕಳೆಯುವ ಲೆಕ್ಕ, ತೂಕ, ಅಳತೆ ಎಲ್ಲವನ್ನೂ ವ್ಯಾಪಾರ ಮಾಡುತ್ತಲೇ ಕಲಿಯಲಿ ಅಂತ ಈಗ ಬಹಳಷ್ಟು ಶಾಲೆಗಳಲ್ಲಿ ಇಂಥ ಸಂತೆ ನಡೆಯುತ್ತದೆ. ಉಳಿದ ಮಕ್ಕಳು ಮೆಂತ್ಯದ ಪಲ್ಲೆ, ಲಿಂಬೆಹಣ್ಣು, ಚುರುಮುರಿ, ಮಜ್ಜಿಗೆ ತಂದು ಸಾಲಾಗಿ ಕೂತಿದ್ದರೆ, ನನ್ನ ಮಗಳು ಬರಿಗೈಲಿ ನಿಂತಿದ್ದಳಂತೆ. ಅವರ ಅಕ್ಕೋರೇ ಹತ್ತು ರೂಪಾಯಿ ಕೊಟ್ಟು, 'ಹೋಗು, ನೀನು ಗಿರಾಕಿ ಆಗು' ಅಂದರಂತೆ. ಮನೆಗೆ ಬಂದವಳು ಅಳಲಿಲ್ಲ, ಹಟ ಮಾಡಲಿಲ್ಲ. ಊಟಕ್ಕೆ ಕೂತಾಗ ಒಂದೇ ಮಾತು ಕೇಳಿದಳು: 'ಎಲ್ಲಾರ ಅವ್ವಗೂ ಗೊತ್ತಿತ್ತು. ನಿನಗ ಯಾಕ ಗೊತ್ತಿರಲಿಲ್ಲವ್ವಾ?'

ಆ ಮಾತು ನನ್ನನ್ನು ಚುಚ್ಚಿತು. ಮರುದಿನ ಜಗಳಕ್ಕೆಂದೇ ಶಾಲೆಗೆ ಹೋದೆ. 'ಎಂಟ ದಿನದ ಹಿಂದನ ವಾಟ್ಸಪ್ ಗ್ರೂಪಿಗೆ ಹಾಕೇವಲ್ರೀ' ಅಂದರು ಅಕ್ಕೋರು. ಹಾಕಿದ್ದು ನಿಜ. ಆದರೆ ಆ ಗ್ರೂಪಿನಲ್ಲಿದ್ದದ್ದು ನಮ್ಮ ಮನೆಯವರ ನಂಬರು. ಅವರು ಅಂಗಡಿಯಲ್ಲಿ ಗಿರಾಕಿಗಳ ನಡುವೆ ನೋಡಿದ್ದಾರೆ, ಮರೆತಿದ್ದಾರೆ. ಮಗಳೂ ಹೇಳಿರಲಿಲ್ಲ, ಅಪ್ಪನಿಗೆ ಗೊತ್ತಲ್ಲ ಅಂದುಕೊಂಡಿದ್ದಳು. ಅಕ್ಕೋರು ತಪ್ಪು ಮಾಡಿರಲಿಲ್ಲ, ನಾನೂ ಮಾಡಿರಲಿಲ್ಲ. ಆದರೂ ಮಗು ಬರಿಗೈಲಿ ನಿಂತಿತು. ನಂಬರುಗಳ ಪಟ್ಟಿ ತೋರಿಸಿ ಅಂದೆ. ಹೆಚ್ಚಿನವೆಲ್ಲ ಅಪ್ಪಂದಿರ ನಂಬರುಗಳೇ! ಡಬ್ಬಿ ಕಟ್ಟುವವಳು, ಹೋಂವರ್ಕ್ ಮಾಡಿಸುವವಳು, ಸಮವಸ್ತ್ರ ಒಗೆಯುವವಳು ಅವ್ವ. ಸುದ್ದಿ ಹೋಗುವುದು ಮಾತ್ರ ಅಪ್ಪನ ಕಿಸೆಗೆ.

ಹೇಳುವುದು ಉಪಕಾರವಲ್ಲ, ಕರ್ತವ್ಯ

'ಹಂಗ ಕೇಳಿದ್ರ ಅಕ್ಕೋರು ಸಿಟ್ಟ ಆಗ್ತಾರೇನೋ' ಅಂತ ನಮ್ಮಲ್ಲಿ ಬಹಳ ಜನ ಸುಮ್ಮನಿರುತ್ತೇವೆ. ಆದರೆ ಗೆಳತಿಯರೇ, ಇದು ನಿಮಗೆ ಗೊತ್ತಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಅನ್ನುವುದಷ್ಟೇ ಅದರಲ್ಲಿಲ್ಲ. ಅದರ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಪಾಲಕರ ಜೊತೆ ನಿಯಮಿತವಾಗಿ ಸಭೆ ನಡೆಸಬೇಕು; ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಮತ್ತು ಬೇರೆ ಅಗತ್ಯ ಮಾಹಿತಿಯನ್ನು ಅವರಿಗೆ ತಿಳಿಸಬೇಕು ಅನ್ನುವುದು ಅದರಲ್ಲಿ ಒಂದು. ಕಾಯ್ದೆ ಅನ್ವಯಿಸುವ ಶಾಲೆ ಸರ್ಕಾರಿಯಾಗಲಿ, ಖಾಸಗಿಯಾಗಲಿ, ಶಿಕ್ಷಕರಿಗೆ ಈ ಕರ್ತವ್ಯ ಇದ್ದೇ ಇದೆ.

ಸರ್ಕಾರಿ ಶಾಲೆಗಳಲ್ಲಂತೂ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ನಮ್ಮ ರಾಜ್ಯದಲ್ಲಿ 2001ರಿಂದಲೇ ಇದೆ. ಶಾಲೆಯ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಸದಸ್ಯರು ಹೆಣ್ಣುಮಕ್ಕಳಿರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಹೆಸರಿಗೆ ಸದಸ್ಯೆಯಾಗಿ, ಸಹಿಗೆ ಮಾತ್ರ ಮನೆಯವರನ್ನು ಕಳಿಸುವವರು ಸ್ವಲ್ಪ ಯೋಚಿಸಿ.

ಕಂಡಕಿ ಸುತ್ತುವ ಅವ್ವ ಪಾಠ ಹೇಳಿದಳು

ಇನ್ನೊಂದು ಕಥೆ ಹೇಳುತ್ತೇನೆ, ಇದು ಖುಷಿಯದು. ನಮ್ಮ ಮಹಾಲಿಂಗಪುರ ಗೊತ್ತಲ್ಲ? ಬೆಲ್ಲದ ಪೇಟೆ, ನೇಕಾರರ ಊರು. ಓಣಿಗೆ ಕಾಲಿಟ್ಟರೆ ಮಗ್ಗದ ಸಪ್ಪಳ. ನನಗೆ ಪರಿಚಯದ ಅಕ್ಕೋರೊಬ್ಬರು ಇಂಥದೇ ಒಂದು ಓಣಿಯ ಕನ್ನಡ ಶಾಲೆಯಲ್ಲಿ ನಾಲ್ಕನೇ ತರಗತಿಗೆ ಕಲಿಸುತ್ತಾರೆ. ಅವರ ಪದ್ಧತಿ ಬಹಳ ಸರಳ. ಪ್ರತಿ ಶನಿವಾರ ಶಾಲೆ ಬಿಡುವ ಮೊದಲು ಗೇಟಿನ ಹತ್ತಿರದ ಕರಿಹಲಗೆ ಮೇಲೆ ಮುಂದಿನ ವಾರದ ವಿಷಯವನ್ನು ನಾಲ್ಕೇ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ಅದನ್ನೇ ಮಕ್ಕಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಓದಲು ಬಾರದ ತಾಯಂದಿರಿಗೆ ಅರ್ಧ ನಿಮಿಷದ ಧ್ವನಿ ಸಂದೇಶ, ಅದೂ ನಮ್ಮ ಆಡುಮಾತಿನಲ್ಲೇ.

ಒಮ್ಮೆ 'ನಮ್ಮೂರ ಕಸುಬು' ಅಂತ ಮಕ್ಕಳಿಗೆ ಚಟುವಟಿಕೆ ಕೊಟ್ಟಿದ್ದರು. ಎರಡು ವಾರ ಮೊದಲೇ ಸುದ್ದಿ ಹೋಯಿತು: 'ಚಾರ್ಟ್ ತರೂದು ಬ್ಯಾಡ, ಚಿತ್ರ ಕೊಳ್ಳೂದು ಬ್ಯಾಡ. ನಿಮ್ಮ ಮನಿಯಾಗ ಯಾವ ಕೆಲಸ ಮಾಡ್ತೀರಿ, ಅದರ ಒಂದು ಸಾಮಾನು ಕಳಸ್ರಿ. ಬರಾಕ ಆದ್ರ ನೀವೂ ಬಂದು ಹತ್ತು ನಿಮಿಷ ಹೇಳ್ರಿ.'

ಆ ತರಗತಿಯಲ್ಲಿ ಒಬ್ಬ ಹುಡುಗಿ ಬಾಯಿಯೇ ಬಿಡುತ್ತಿರಲಿಲ್ಲ. ಅವಳ ಅವ್ವ ಮನೆಯಲ್ಲಿ ಕಂಡಕಿ ಸುತ್ತುವವರು. 'ನನಗ ಓದಾಕ ಬರಂಗಿಲ್ರೀ, ಸಾಲಿಗೆ ಬಂದು ನಾ ಏನ್ ಮಾಡ್ಲಿ?' ಅಂತ ಯಾವ ಸಭೆಗೂ ಹೋದವರಲ್ಲ. ಧ್ವನಿ ಸಂದೇಶ ಕೇಳಿದ ಮೇಲೆ ಧೈರ್ಯ ಮಾಡಿ ರಾಟಿ, ನೂಲು, ನಾಲ್ಕು ಕಂಡಕಿ ಹಿಡಿದುಕೊಂಡು ಬಂದರು. ಉದ್ದಕ್ಕೆ ಬರುವುದು ಹಾಸು, ಅಡ್ಡ ಹೋಗುವುದು ಹೊಕ್ಕು, ಈ ಕಂಡಕಿ ಲಾಳಿಯೊಳಗೆ ಕೂತು ಹೊಕ್ಕಿನ ನೂಲು ಬಿಡುತ್ತದೆ ಅಂತ ತೋರಿಸಿದರು. ಮಕ್ಕಳು ಸುತ್ತ ಮುಗಿಬಿದ್ದು ತಾವೂ ಸುತ್ತಿದರು, ನೂಲು ಹರಿದು ನಕ್ಕರು. ಒಂದು ಸೀರೆಗೆ ಎಷ್ಟು ಕಂಡಕಿ ಬೇಕು, ದಿನಕ್ಕೆ ಎಷ್ಟು ಸುತ್ತುತ್ತೀರಿ ಅಂತ ಕೇಳಿ ಅಕ್ಕೋರು ಅದನ್ನೇ ಗುಣಾಕಾರದ ಲೆಕ್ಕ ಮಾಡಿಸಿದರು. ಇನ್ನೊಬ್ಬ ಹುಡುಗನ ಅಪ್ಪ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾಗುವ ಬಗೆಯನ್ನು ಹೇಳಿದರು.

ಮರುದಿನದಿಂದ ಆ ಹುಡುಗಿ ಬದಲಾದಳು ಅನ್ನುತ್ತಾರೆ ಅಕ್ಕೋರು. 'ನಮ್ಮ ಅವ್ವ ಬಂದಿದ್ದಳಲ್ರೀ' ಅಂತ ತಾನೇ ಮಾತು ಶುರು ಮಾಡಿದಳಂತೆ. ನೋಡಿ, ಅಕ್ಕೋರು ಖರ್ಚು ಮಾಡಿದ್ದು ಅರ್ಧ ನಿಮಿಷ. ಮಗುವಿಗೆ ಸಿಕ್ಕಿದ್ದು, ತನ್ನ ಅವ್ವನ ಕೆಲಸಕ್ಕೂ ಶಾಲೆಯಲ್ಲಿ ಬೆಲೆ ಇದೆ ಅನ್ನುವ ಹೆಮ್ಮೆ.

ಕೋವಿಡ್ ಕಾಲದ 2020ರ ವಿದ್ಯಾಗಮ ನೆನಪಿದೆಯಲ್ಲ? ಶಾಲೆ ಮುಚ್ಚಿದಾಗ ಶಿಕ್ಷಕರೇ ಓಣಿಗೆ ಬಂದು, ಗುಡಿ ಕಟ್ಟೆ, ಗಿಡದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅದನ್ನು ಆ ವರ್ಷದ ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. ಆದರೆ ಆ ಕೆಲವು ವಾರ ಬಾಗಿಲಲ್ಲಿ ನಿಂತು ಪಾಠ ಕೇಳಿದ ತಾಯಂದಿರಿಗೆ, ನಮ್ಮ ಮಕ್ಕಳು ಏನು ಕಲಿಯುತ್ತಾರೆ ಅಂತ ಕಣ್ಣಾರೆ ಕಂಡಿತು.

ಗೋಡೆಯನ್ನೂ ಓದಿ

ನಿಮ್ಮ ಮಗು ಸರ್ಕಾರಿ ಕನ್ನಡ ಶಾಲೆಯಲ್ಲಿ 1ರಿಂದ 3ನೇ ತರಗತಿಯಲ್ಲಿದ್ದರೆ ಅದು ನಲಿ-ಕಲಿ ತರಗತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿ 2009-10ರಿಂದ ಹಂತಹಂತವಾಗಿ ರಾಜ್ಯದ ಎಲ್ಲ ಕಡೆ ಬಂತು. ಇಲ್ಲಿ ಪ್ರತಿ ಮಗುವೂ ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುತ್ತದೆ. ಯಾವ ಮಗು ಯಾವ ಮೆಟ್ಟಿಲಿನಲ್ಲಿದೆ ಅನ್ನುವುದು ಗೋಡೆಯ ಮೇಲಿನ 'ಪ್ರಗತಿ ನೋಟ'ದಲ್ಲಿ ಕಾಣುತ್ತದೆ. ತಲೆ ಮೇಲೆ ದಾರ ಕಟ್ಟಿದ ಚಪ್ಪರದಲ್ಲಿ ಮಕ್ಕಳು ಬರೆದದ್ದು, ಬಿಡಿಸಿದ್ದು ತೂಗಾಡುತ್ತಿರುತ್ತವೆ. ದೊಡ್ಡ ತರಗತಿಗಳಲ್ಲಿ ಮಗು ಮಾಡಿದ ಚಟುವಟಿಕೆಗಳನ್ನು ಜೋಡಿಸಿಟ್ಟ 'ಕೃತಿ ಸಂಪುಟ' ಇರುತ್ತದೆ. ಶಾಲೆಗೆ ಹೋದಾಗ ಅಂಕ ಮಾತ್ರ ಕೇಳಿ ವಾಪಸ್ ಬರಬೇಡಿ, ಇವನ್ನೆಲ್ಲ ತೋರಿಸಿ ಅನ್ನಿ. 'ಸಮುದಾಯದತ್ತ ಶಾಲೆ' ಅಂತ ಪಾಲಕರನ್ನು ಕರೆದಾಗಲಂತೂ ತಪ್ಪಿಸಬೇಡಿ.

ನೀವು ಏನು ಮಾಡಬಹುದು?

* ಶಾಲೆಯ ದಾಖಲೆಯಲ್ಲಿ, ತರಗತಿಯ ಗ್ರೂಪಿನಲ್ಲಿ ನಿಮ್ಮ ನಂಬರೂ ಇರಲಿ. ನಿಮ್ಮ ಹತ್ತಿರ ಫೋನ್ ಇಲ್ಲದಿದ್ದರೆ ಸುದ್ದಿಯನ್ನು ಚೀಟಿಯಲ್ಲೇ ಕಳಿಸಲು ಹೇಳಿ.

* ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲು, ಗ್ಯಾಸ್ ಲೆಕ್ಕದ ಜೊತೆ ಶಾಲೆಯ ತಾರೀಕುಗಳನ್ನೂ ಗುರುತು ಹಾಕಿ. ಪರೀಕ್ಷೆ, ಪ್ರತಿಭಾ ಕಾರಂಜಿ, ಸಂತೆ, ಸಭೆ ಎಲ್ಲ ಒಂದೇ ಕಡೆ ಕಾಣುತ್ತವೆ.

* ದಿನಾ ಸಂಜೆ 'ಏನ್ ಕಲಿಸಿದ್ರು?' ಅಂದರೆ 'ಏನಿಲ್ಲ' ಅನ್ನುವ ಉತ್ತರವೇ ಬರುತ್ತದೆ. 'ಇವತ್ತ ಯಾರ ಬಾಜೂಕ ಕುಂತಿದ್ದಿ?', 'ಅಕ್ಕೋರು ಯಾವಾಗ ನಕ್ಕರು?' ಅಂತ ಕೇಳಿ ನೋಡಿ, ತಾನಾಗಿಯೇ ಎಲ್ಲ ಹೊರಬರುತ್ತದೆ.

* ಚೀಟಿ ಬಂದರೆ ಒಂದು ಸಾಲು ಉತ್ತರ ಬರೆಯಿರಿ. 'ತಿಳೀತ್ರಿ, ಕಳಸ್ತೀನಿ' ಅಂದರೂ ಸಾಕು. ಮುಟ್ಟಿತೋ ಇಲ್ಲವೋ ಅನ್ನುವ ಚಿಂತೆ ಅಕ್ಕೋರಿಗೂ ಇರುತ್ತದೆ.

* ಪ್ರಾಜೆಕ್ಟ್ ಮಗುವೇ ಮಾಡಲಿ. ಅಂಗಡಿಯಿಂದ ಸಿದ್ಧ ಮಾದರಿ ತರುವುದು, ನೀವೇ ಕೂತು ಚೆಂದ ಮಾಡಿಕೊಡುವುದು ಬೇಡ. ಸೊಟ್ಟಗಿದ್ದರೂ ಅದು ಅವನದು.

* ದೂರು ಇದ್ದರೆ ಗ್ರೂಪಿನಲ್ಲಿ ಹಾಕದೆ, ಹೋಗಿ ಒಬ್ಬರ ಹತ್ತಿರ ಮಾತಾಡಿ. ಬೇರೆ ಮಕ್ಕಳ ಫೋಟೊ, ಅಂಕಗಳನ್ನು ಯಾರಿಗೂ ಕಳಿಸಬೇಡಿ.

* ಪಕ್ಕದ ಮನೆಯಾಕೆಗೆ ಓದಲು ಬಾರದಿದ್ದರೆ ನಿಮ್ಮ ಮನೆಗೆ ಬಂದ ಸುದ್ದಿಯನ್ನು ಅವರಿಗೂ ಹೇಳಿ.

ಅಕ್ಕೋರಿಗೂ ಒಂದು ಮಾತು

ಈ ಪುಟ ಓದುವವರಲ್ಲಿ ಶಿಕ್ಷಕಿಯರೂ ಇದ್ದೀರಿ. ನಲವತ್ತು ಕೆಲಸಗಳ ನಡುವೆ ಇದೂ ಒಂದು ಅಂತ ನಮಗೆ ಗೊತ್ತು. ಉದ್ದ ಬರೆಯಬೇಡಿ, ಬೇಗ ಬರೆಯಿರಿ ಸಾಕು. ಯಾವತ್ತು, ಏನು ತರಬೇಕು, ದುಡ್ಡು ಬೇಕೋ ಬೇಡವೋ, ಇಲ್ಲದಿದ್ದರೆ ಏನು ಮಾಡಬೇಕು, ಇಷ್ಟು ಇದ್ದರೆ ಆಯಿತು. ಉದಾಹರಣೆಗೆ:

'ಬರುವ ಶನಿವಾರ ಬೆಳಿಗ್ಗೆ 9 ಗಂಟೆಗೆ ಮಕ್ಕಳ ಸಂತೆ. ಮನೆಯಲ್ಲಿ ಇರುವುದನ್ನೇ ಕಳಿಸಿ, ಹೊಸದಾಗಿ ಏನೂ ಕೊಳ್ಳಬೇಡಿ. ಏನೂ ಇಲ್ಲದಿದ್ದರೂ ಮಗುವನ್ನು ಕಳಿಸಿ, ಗಿರಾಕಿಗಳೂ ಬೇಕು. ತಾಯಂದಿರು 10 ಗಂಟೆಗೆ ಬಂದು ಖರೀದಿ ಮಾಡಬೇಕು, ಅರ್ಧ ತಾಸು ಸಾಕು.'

ಇನ್ನೊಂದು ವಿನಂತಿ. ಮಗು ತಪ್ಪು ಮಾಡಿದಾಗ ಮಾತ್ರ ಫೋನ್ ಮಾಡಬೇಡಿ. 'ನಿಮ್ಮ ಹುಡುಗ ಇವತ್ತು ಗಿಡಕ್ಕೆ ತಾನಾಗಿ ನೀರು ಹಾಕಿದ' ಅಂತ ವರ್ಷಕ್ಕೆ ಒಂದೆರಡು ಸಲ ಹೇಳಿ ನೋಡಿ. ಶಾಲೆಯ ನಂಬರು ಕಂಡರೆ ಎದೆ ಧಸಕ್ಕೆನ್ನುವ ಅವ್ವಂದಿರು ಆಮೇಲೆ ನಿಮ್ಮ ಫೋನಿಗೆ ಕಾಯುತ್ತಾರೆ.

ನಮ್ಮ ಶಾಲೆಯ ಪಟ್ಟಿಯಲ್ಲಿ ಈಗ ನನ್ನ ನಂಬರೂ ಇದೆ. ಮರುವರ್ಷದ ಸಂತೆಗೆ ಮಗಳು ನಮ್ಮೂರ ಬೆಲ್ಲದ್ದೇ ಶೇಂಗಾ ಉಂಡಿ ಒಯ್ದಳು. ಎರಡು ರೂಪಾಯಿಗೆ ಒಂದು. ಚಿಲ್ಲರೆ ಲೆಕ್ಕ ತಪ್ಪಿ ಸ್ವಲ್ಪ ನಷ್ಟವೂ ಆಯಿತು. ಹತ್ತು ಗಂಟೆಗೆ ನಾನು ಗಿರಾಕಿಯಾಗಿ ಹೋಗಿ ನಿಂತಾಗ, 'ಅವ್ವಾ, ನಿನಗೂ ಎರಡ ರೂಪಾಯೀನ ನೋಡು, ಕಡಿಮಿ ಇಲ್ಲ' ಅಂದಳು!

ನಿಮ್ಮ ನಂಬರು ಶಾಲೆಯಲ್ಲಿದೆಯೇ? ನಾಳೆ ಮಗುವನ್ನು ಬಿಡಲು ಹೋದಾಗ ಒಮ್ಮೆ ಕೇಳಿ ಬನ್ನಿ.