ಉಣ್ಣೆಗೂದಲ ಮಗುವಿಗೆ ಇಸಿಜಿ ಯಾಕೆ?

ಚರ್ಮದ ಡಾಕ್ಟರ ಮೇಜಿನ ಮೇಲೆ ಇಸಿಜಿ ಪಟ್ಟಿಗೇನು ಕೆಲಸ? ಬೆಂಗಳೂರಿನ ಚರ್ಮತಜ್ಞೆಯೊಬ್ಬರನ್ನು ಕೇಳಿಯೇಬಿಟ್ಟೆ. ‘ಹುಟ್ಟಿದಾಗಿಂದ ಉಣ್ಣೆಯಂಥ ಕೂದಲು, ಜತೆಗೆ ಅಂಗೈ ಅಂಗಾಲು ದಪ್ಪ. ಎರಡೂ ಒಟ್ಟಿಗೆ ಕಂಡ್ರೆ ಮುಲಾಮು ಬರೆಯೋಕೆ ಮುಂಚೆ ಹಾರ್ಟ್ ನೋಡಿಸ್ತೀನಿ’ ಅಂದರು. ಅಂದು ಹತ್ತಿದ ಗುಂಗು ಇನ್ನೂ ಇಳಿದಿಲ್ಲ.

ಆ ಜೋಡಿಯ ಹೆಸರು ನಾಕ್ಸೋಸ್ ಕಾಯಿಲೆ. ಗ್ರೀಸಿನ ನಾಕ್ಸೋಸ್ ದ್ವೀಪದ 4 ಕುಟುಂಬಗಳ 9 ಮಂದಿಯಲ್ಲಿ ಚರ್ಮದ ತೊಂದರೆಯ ಜತೆಗೇ ಹೃದಯದ ತೊಂದರೆಯೂ ಇದೆಯೆಂದು ನಿಕೋಸ್ ಪ್ರೊಟೊನೊಟಾರಿಯೋಸ್ ಮತ್ತು ಸಂಗಡಿಗರು 1986ರಲ್ಲಿ ಬರೆದರು. 2000ದಲ್ಲಿ ಮೂಲ ಸಿಕ್ಕಿತು: ಪ್ಲಾಕೋಗ್ಲೋಬಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿ 2 ಅಕ್ಷರ ಬಿಟ್ಟುಹೋಗಿವೆ. ಜೀವಕೋಶಗಳನ್ನು ಒಂದಕ್ಕೊಂದು ಬೆಸೆದಿಡುವ ಪ್ರೋಟೀನು ಅದು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿನ ಕಾಲಕ್ರಮ. ಕೂದಲು ಹುಟ್ಟಿದಾಗಲೇ ಹಾಗಿರುತ್ತದೆ. ಅಂಗೈ ಅಂಗಾಲು ದಪ್ಪಗಾಗುವುದು ಮಾತ್ರ ಮಗು ಕೈಕಾಲು ಊರಿ ಓಡಾಡತೊಡಗಿದ ಮೇಲೆ. ಎಳೆತ ಬಿದ್ದಲ್ಲಿ ಬೆಸುಗೆ ಸೋಲುತ್ತದೆ. ಹುಟ್ಟಿನಿಂದ ಒಂದು ಗಳಿಗೆಯೂ ಬಿಡುವಿಲ್ಲದೆ ಎಳೆತ ತಿನ್ನುವ ಅಂಗ ಹೃದಯ. ಅದರ ಸ್ನಾಯು ಸತ್ತು, ಆ ಜಾಗದಲ್ಲಿ ಕೊಬ್ಬು, ನಾರು ತುಂಬುತ್ತವೆ. ಹೆಚ್ಚಾಗಿ ಬಲ ಹೃತ್ಕುಕ್ಷಿಯಲ್ಲಿ. ಹರೆಯಕ್ಕೆ ಬರುವಷ್ಟರಲ್ಲಿ ಬಡಿತದ ಲಯ ಕೆಡುತ್ತದೆ. ಕೆಲವರಲ್ಲಿ ಮೊದಲ ಲಕ್ಷಣವೇ ಕುಸಿದು ಬೀಳುವುದು.

ಇನ್ನೊಂದು ವಿಚಿತ್ರ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅದೇ 1980ರ ದಶಕದಲ್ಲಿ ಆಸ್ಟ್ರೇಲಿಯಾದ ಪೋಲ್ ಹಿಯರ್‌ಫರ್ಡ್ ತಳಿಯ ದನಗಳಲ್ಲಿ ಗುಂಗುರು ಮೈಗೂದಲಿನ ಕರುಗಳು ಹುಟ್ಟುತ್ತಿದ್ದವು. ಕೆಲವೇ ವಾರಗಳಲ್ಲಿ ಹೃದಯ ಕೆಟ್ಟು ಸಾಯುತ್ತಿದ್ದವು. ದ್ವೀಪದ ವೈದ್ಯರೂ ದನದ ವೈದ್ಯರೂ ಒಂದೇ ಒಗಟಿನ ಎರಡು ತುದಿ ಹಿಡಿದಿದ್ದರು! 2009ರಲ್ಲಿ ನೋಡಿದರೆ ಕರುಗಳ ಜೀನ್ ಬೇರೆಯೇ. ಕೂದಲಿಗೂ ಹೃದಯಕ್ಕೂ ನಂಟು ಹಾಕುವ ದಾರಿಗಳು ಒಂದಕ್ಕಿಂತ ಹೆಚ್ಚಿವೆ ಎಂದಾಯಿತು. ಇಕ್ವಡಾರ್‌ನ ಕಾರ್ವಹಾಲ್ 1998ರಲ್ಲಿ ವರ್ಣಿಸಿದ ಸೋದರ ಕಾಯಿಲೆಯಲ್ಲೂ ಡೆಸ್ಮೋಪ್ಲಾಕಿನ್ ಎಂಬ ಬೇರೆ ಪ್ರೋಟೀನು. ಏಟು ಎಡ ಹೃತ್ಕುಕ್ಷಿಗೆ.

ಹಾಗೆಂದು ಗುಂಗುರು ಕೂದಲಿನ ಮಗುವನ್ನೆಲ್ಲ ಹೃದ್ರೋಗಿ ಮಾಡಬೇಡಿ. ಉಣ್ಣೆಗೂದಲು ಒಂಟಿಯಾಗಿ ಬಂದರೆ ಬಹುಪಾಲು ನಿರುಪದ್ರವಿ. ಚಿಂತೆ ಜೋಡಿಯದು. ನಾಕ್ಸೋಸ್ ಬರಲು ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬರಬೇಕು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮಲ್ಲಿ ಇಂಥ ಕಾಯಿಲೆಗಳ ಸಾಧ್ಯತೆ ಏರುತ್ತದೆ. ತಂದೆತಾಯಿ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುವುದರಿಂದ ಮನೆಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ. ಒಡಹುಟ್ಟಿದ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಪಾಲು ಅಪಾಯ. ಅದಕ್ಕೇ ಅವರಿಗೂ ಇಸಿಜಿ, ಎಕೋ. ಲಯ ತೀರಾ ಕೆಡುವವರ ಎದೆಗೆ ಡಿಫಿಬ್ರಿಲೇಟರ್ ಅಳವಡಿಸುತ್ತಾರೆ.