ಹಬ್ಬದ ಮನೆ, ಬೆಕ್ಕಿನ ಯಕೃತ್ತು, ನಾಯಿಯ ಮೂತ್ರಪಿಂಡ

ಜ್ವರ ಬಂದರೆ ನಾವು ಒಂದು ಪ್ಯಾರಾಸಿಟಮಾಲ್ ನುಂಗಿ ಹೊದ್ದು ಮಲಗುತ್ತೇವೆ. ಬೆಳಗಾಗುವಷ್ಟರಲ್ಲಿ ಮೈ ಹಗುರಾಗಿರುತ್ತದೆ. ಅದೇ 500 ಮಿಲಿಗ್ರಾಂ ಮಾತ್ರೆ ಒಂದು ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಮಾತ್ರೆ ಅದೇ, ಅದನ್ನು ಎದುರಿಸುವ ಯಕೃತ್ತು ಮಾತ್ರ ಬೇರೆ.

ದಸರೆಯಿಂದ ಸಂಕ್ರಾಂತಿಯವರೆಗೆ ನಮ್ಮ ಮನೆಗಳಲ್ಲಿ ಹಬ್ಬದ ಮೇಲೆ ಹಬ್ಬ. ನೆಂಟರು ಬರುತ್ತಾರೆ, ಅವರ ಚೀಲದಲ್ಲಿ ಮಾತ್ರೆಗಳಿರುತ್ತವೆ. ಅಡುಗೆಮನೆಯ ಕಟ್ಟೆ ತುಂಬ ಪಾತ್ರೆಗಳು, ಮೇಜಿನ ಮೇಲೆ ಸಿಹಿಯ ಡಬ್ಬಗಳು, ಬಾಗಿಲಲ್ಲಿ ಹೂವಿನ ಮಾಲೆ, ಬೀದಿಯಲ್ಲಿ ಪಟಾಕಿ. ನಾಯಿ ಮತ್ತು ಬೆಕ್ಕು ಸಾವಿರಾರು ವರ್ಷಗಳಿಂದ ನಮ್ಮ ಜೊತೆಗಿವೆ, ನಾವು ಕೊಟ್ಟದ್ದನ್ನು ತಿನ್ನಲು ಕಲಿತಿವೆ. ಆದರೆ ಅವುಗಳ ರಕ್ತ, ಯಕೃತ್ತು, ಮೂತ್ರಪಿಂಡ, ಕಿವಿ ನಮ್ಮಂತಿಲ್ಲ. ನಮಗೆ ಒಗ್ಗಿದ್ದು ಅವಕ್ಕೂ ಒಗ್ಗುತ್ತದೆ ಎಂದು ನಂಬುವುದರಿಂದಲೇ ಹಬ್ಬದ ದಿನಗಳ ಬಹುಪಾಲು ಅನಾಹುತಗಳು ಆಗುತ್ತವೆ. ಆ ದೇಹಗಳು ಹೇಗೆ ಕೆಲಸ ಮಾಡುತ್ತವೆಂದು ಅರಿತರೆ ಯಾವುದನ್ನು ಎಲ್ಲಿ ಎತ್ತಿಡಬೇಕೆಂಬುದು ತಾನಾಗಿ ಹೊಳೆಯುತ್ತದೆ.

ಬೆಕ್ಕಿಗಿಲ್ಲದ ಕಿಣ್ವ

ಗಿಡಗಳು ತಮ್ಮನ್ನು ತಿನ್ನುವವರಿಂದ ಪಾರಾಗಲು ಬಗೆಬಗೆಯ ವಿಷಗಳನ್ನು ತಯಾರಿಸುತ್ತವೆ. ಸೊಪ್ಪು, ಕಾಯಿ, ಹಣ್ಣು ತಿಂದು ಬದುಕುವ ಪ್ರಾಣಿಗಳು ಆ ವಿಷಗಳನ್ನು ತೊಳೆದು ಹಾಕುವ ಕಿಣ್ವಗಳನ್ನು ಬೆಳೆಸಿಕೊಂಡಿವೆ. ಪ್ಯಾರಾಸಿಟಮಾಲ್‌ನಂಥ ಅಣುಗಳಿಗೆ ಸಕ್ಕರೆಯ ಸಂಬಂಧಿಯಾದ ಗ್ಲುಕುರಾನಿಕ್ ಆಮ್ಲವನ್ನು ಜೋಡಿಸಿ, ನೀರಿನಲ್ಲಿ ಕರಗುವಂತೆ ಮಾಡಿ, ಮೂತ್ರದ ದಾರಿಯಲ್ಲಿ ಕಳಿಸುವ ಕಿಣ್ವ ಅವುಗಳಲ್ಲೊಂದು. ಬೆಕ್ಕಿನ ಪೂರ್ವಜರು ಮಾಂಸವನ್ನೇ ತಿಂದು ಬದುಕಿದವರು. ಅವರಿಗೆ ಈ ಕಿಣ್ವದ ಅಗತ್ಯ ಬೀಳಲಿಲ್ಲ. ಅದನ್ನು ರೂಪಿಸುವ ಯುಜಿಟಿ1ಎ6 ಎಂಬ ವಂಶವಾಹಿ ಬೆಕ್ಕಿನಲ್ಲಿ ಕೆಟ್ಟು ನಿಂತಿದೆ ಎಂಬುದನ್ನು 2000ದಲ್ಲಿ ವಿಜ್ಞಾನಿಗಳು ತೋರಿಸಿದರು.

ಹೊರಹೋಗುವ ದಾರಿ ಮುಚ್ಚಿದ ಮೇಲೆ ಔಷಧ ಬೇರೆ ದಾರಿ ಹಿಡಿಯುತ್ತದೆ. ಅದರಿಂದ ಹುಟ್ಟುವ ವಸ್ತುಗಳು ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದ ರೂಪಕ್ಕೆ ತಿರುಗಿಸುತ್ತವೆ. ಬೆಕ್ಕಿನ ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಮತ್ತು ಪಂಜಗಳು ಊದುತ್ತವೆ, ಉಸಿರಾಟ ಕಷ್ಟವಾಗುತ್ತದೆ. ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷ ಇದೆ. ಆದರೆ ಅದನ್ನು ಕೆಲವೇ ಗಂಟೆಗಳೊಳಗೆ ಕೊಡಬೇಕು.

ಇದೇ ಕೊರತೆಯಿಂದ ಫೀನಾಲ್ ಜಾತಿಯ ರಾಸಾಯನಿಕಗಳೂ ಬೆಕ್ಕಿಗೆ ಅಪಾಯಕಾರಿ. ಹಬ್ಬಕ್ಕೆಂದು ಮನೆಯನ್ನೆಲ್ಲ ಫಿನಾಯಿಲ್ ಹಾಕಿ ಒರೆಸುತ್ತೇವೆ. ಬೆಕ್ಕು ಒದ್ದೆ ನೆಲದ ಮೇಲೆ ನಡೆದು ಹೋಗಿ, ಮೂಲೆಯಲ್ಲಿ ಕುಳಿತು ಪಂಜ ನೆಕ್ಕಿಕೊಳ್ಳುತ್ತದೆ. ನೆಲ ಪೂರ್ತಿ ಒಣಗುವ ತನಕ ಅದನ್ನು ಬೇರೆ ಕೋಣೆಯಲ್ಲಿಡುವುದು ಸಣ್ಣ ಕೆಲಸ. ನಾಯಿಯ ಉಣ್ಣೆಗಾಗಿ ಬೆನ್ನಿಗೆ ಹಚ್ಚುವ ಪರ್ಮೆಥ್ರಿನ್ ಔಷಧವನ್ನೂ ಬೆಕ್ಕಿಗೆ ಹಚ್ಚಬಾರದು. ಅದರ ದೇಹಕ್ಕೆ ಅದನ್ನು ಬೇಗ ಒಡೆಯಲಾಗದು, ನಡುಕ ಮತ್ತು ಸೆಳವು ಬಂದು ಸಾಯಬಹುದು.

ಸಿಹಿಯ ಡಬ್ಬದಲ್ಲಿ

ಬೆಕ್ಕಿನ ನಾಲಿಗೆಗೆ ಸಿಹಿ ಗೊತ್ತಾಗುವುದಿಲ್ಲ. ಸಿಹಿಯನ್ನು ಗುರುತಿಸುವ ಅದರ ವಂಶವಾಹಿಯೂ ಕೆಟ್ಟಿದೆ. ನಾಯಿಗೆ ಸಿಹಿ ಗೊತ್ತು, ಪ್ರೀತಿಯೂ ಇದೆ. ಹಾಗಾಗಿ ಚಾಕೊಲೇಟ್ ಡಬ್ಬ ಒಡೆದು ಖಾಲಿ ಮಾಡುವುದು ಹೆಚ್ಚಾಗಿ ನಾಯಿಯೇ.

ಚಾಕೊಲೇಟ್‌ನಲ್ಲಿ ಕೆಫೀನಿನ ಸೋದರ ಸಂಬಂಧಿ ಥಿಯೊಬ್ರೊಮಿನ್ ಇದೆ. ಮನುಷ್ಯನ ದೇಹ ಏಳೆಂಟು ಗಂಟೆಗಳಲ್ಲಿ ಅದರ ಅರ್ಧವನ್ನು ಕರಗಿಸುತ್ತದೆ, ನಾಯಿಗೆ ಸುಮಾರು 17 ಗಂಟೆ ಬೇಕು. ಅಷ್ಟು ಹೊತ್ತು ಅದು ಹೃದಯವನ್ನೂ ನರಗಳನ್ನೂ ಕೆರಳಿಸುತ್ತಲೇ ಇರುತ್ತದೆ. ನಾಯಿಯ ತೂಕದ ಪ್ರತಿ ಕಿಲೊಗೆ 20 ಮಿಲಿಗ್ರಾಂ ಒಳಹೋದರೆ ವಾಂತಿ, ಚಡಪಡಿಕೆ ಕಾಣಿಸುತ್ತವೆ. 40ರಿಂದ 50 ಆದಾಗ ಹೃದಯದ ಬಡಿತ ತಪ್ಪುತ್ತದೆ, 60 ದಾಟಿದರೆ ಸೆಳವು. ಡಾರ್ಕ್ ಚಾಕೊಲೇಟ್‌ನ ಒಂದು ಗ್ರಾಂನಲ್ಲಿ ಸುಮಾರು 5 ಮಿಲಿಗ್ರಾಂ ಥಿಯೊಬ್ರೊಮಿನ್ ಇರುತ್ತದೆ, ಹಾಲಿನ ಚಾಕೊಲೇಟ್‌ನಲ್ಲಿ ಸುಮಾರು 2. ಅಂದರೆ ಹತ್ತು ಕಿಲೊ ತೂಕದ ನಾಯಿಗೆ 40 ಗ್ರಾಂ ಡಾರ್ಕ್ ಚಾಕೊಲೇಟ್ ಸಾಕು, ತೊಂದರೆ ಶುರುವಾಗಲು. ಕೇಕಿಗೆಂದು ತಂದ ಕೋಕೊ ಪುಡಿ ಇದಕ್ಕಿಂತ ಬಹಳ ತೀಕ್ಷ್ಣ.

ಸಕ್ಕರೆ ಕಾಯಿಲೆಯವರಿಗೆಂದು ತರುವ ಶುಗರ್‌ಫ್ರೀ ಪದಾರ್ಥಗಳು ಇನ್ನೂ ಕೆಟ್ಟವು. ಅವುಗಳಲ್ಲಿ ಕೆಲವಕ್ಕೆ ಸೈಲಿಟಾಲ್ ಎಂಬ ಸಿಹಿವಸ್ತು ಹಾಕುತ್ತಾರೆ. ನಮ್ಮ ಮೇದೋಜೀರಕ ಗ್ರಂಥಿ ಅದನ್ನು ಹೆಚ್ಚು ಲೆಕ್ಕಿಸುವುದಿಲ್ಲ. ನಾಯಿಯ ಗ್ರಂಥಿಯಾದರೋ ಸಕ್ಕರೆಯೇ ಬಂತೆಂದು ತಿಳಿದು ಇನ್ಸುಲಿನ್ ಸುರಿಸುತ್ತದೆ. ಅರ್ಧ–ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಿ ಬೀಳಬಹುದು. ಹತ್ತು ಕಿಲೊ ನಾಯಿಗೆ ಒಂದು ಗ್ರಾಂ ಸಾಕು. ಅದರ ಐದು ಪಟ್ಟು ಒಳಹೋದರೆ ಯಕೃತ್ತೇ ಕೈಕೊಡಬಹುದು. ಚ್ಯೂಯಿಂಗ್ ಗಮ್, ಟೂತ್‌ಪೇಸ್ಟ್, ಶುಗರ್‌ಫ್ರೀ ಮಿಠಾಯಿಯ ಪೊಟ್ಟಣದ ಮೇಲೆ ಸೈಲಿಟಾಲ್ ಅಥವಾ 967 ಎಂಬ ಸಂಖ್ಯೆ ಇದೆಯೇ ಎಂದು ಒಮ್ಮೆ ನೋಡಿ.

ದ್ರಾಕ್ಷಿಯ ಒಗಟು ಬಿಡಿಸಿದ ಹುಣಸೆ

ನಮ್ಮ ಅಡುಗೆಮನೆಗೆ ನೇರವಾಗಿ ತಟ್ಟುವ ಕಥೆ ದ್ರಾಕ್ಷಿಯದು. ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಮೂತ್ರಪಿಂಡ ಎರಡು ಮೂರು ದಿನಗಳಲ್ಲಿ ಸೋಲುತ್ತದೆ ಎಂಬುದನ್ನು ಪಶುವೈದ್ಯರು ಇಪ್ಪತ್ತು ವರ್ಷಗಳಿಗೂ ಹಿಂದೆಯೇ ಗಮನಿಸಿದ್ದರು. ಕಾರಣ ಮಾತ್ರ ಸಿಕ್ಕಿರಲಿಲ್ಲ. ಒಂದು ನಾಯಿ ಗೊಂಚಲು ತಿಂದರೂ ಆರಾಮಾಗಿರುತ್ತಿತ್ತು, ಇನ್ನೊಂದು ನಾಲ್ಕು ಹಣ್ಣಿಗೆ ಹಾಸಿಗೆ ಹಿಡಿಯುತ್ತಿತ್ತು. ಕೀಟನಾಶಕವೇ, ಬೂಷ್ಟೇ ಎಂದು ಹುಡುಕಿದ್ದಾಯಿತು, ಸುಳಿವು ಸಿಗಲಿಲ್ಲ.

ಸುಳಿವು ಬಂದದ್ದು ಮಕ್ಕಳ ಆಟದ ಹಿಟ್ಟಿನಿಂದ. ಅಮೆರಿಕದ ಎಎಸ್‌ಪಿಸಿಎ ಸಂಸ್ಥೆಯ ಪ್ರಾಣಿವಿಷ ಕೇಂದ್ರಕ್ಕೆ, ಮನೆಯಲ್ಲಿ ಕಲಸಿದ ಆಟದ ಹಿಟ್ಟು ತಿಂದ ನಾಯಿಯೊಂದರ ವಿವರ ಬಂತು. ಅದಕ್ಕೂ ದ್ರಾಕ್ಷಿ ತಿಂದ ನಾಯಿಗಳಂತೆಯೇ ವಾಂತಿ, ಮೂತ್ರಪಿಂಡದ ಹಾನಿ. ಹಿಟ್ಟಿನಲ್ಲಿದ್ದದ್ದು ಕ್ರೀಮ್ ಆಫ್ ಟಾರ್ಟರ್, ಅಂದರೆ ಟಾರ್ಟಾರಿಕ್ ಆಮ್ಲದ ಲವಣ. ದ್ರಾಕ್ಷಿಯಲ್ಲಿ ಹೇರಳವಾಗಿರುವ ಆಮ್ಲವೂ ಅದೇ. ಕೇಂದ್ರದ ವೈದ್ಯರು 2021ರಲ್ಲಿ ಈ ವಿವರಣೆಯನ್ನು ಮುಂದಿಟ್ಟರು. ತಳಿ, ಮಾಗಿದ ಹಂತ ಬದಲಾದಂತೆ ಹಣ್ಣಿನ ಆಮ್ಲದ ಪ್ರಮಾಣವೂ ಬದಲಾಗುತ್ತದೆ. ಹಾಗಾಗಿಯೇ ಒಂದು ನಾಯಿ ಪಾರಾಗಿ ಇನ್ನೊಂದು ಸಿಕ್ಕಿಬೀಳುತ್ತಿದ್ದದ್ದು. ನಾಯಿಯ ಮೂತ್ರಪಿಂಡ ಈ ಆಮ್ಲವನ್ನು ನಮ್ಮಂತೆ ಹೊರಹಾಕಲಾರದು, ಅದು ಕೋಶಗಳಲ್ಲೇ ತುಂಬಿಕೊಂಡು ಅವನ್ನು ಕೊಲ್ಲುತ್ತದೆ ಎಂಬುದು ಈಗಿನ ತಿಳಿವಳಿಕೆ.

ಟಾರ್ಟಾರಿಕ್ ಆಮ್ಲ ಇನ್ನೂ ಹೆಚ್ಚಾಗಿರುವ ಹಣ್ಣು ಹುಣಸೆ. ಹುಣಸೆಹಣ್ಣು ತಿಂದ ನಾಯಿಗಳಲ್ಲೂ ಅದೇ ಬಗೆಯ ಮೂತ್ರಪಿಂಡದ ಹಾನಿಯಾದದ್ದು ನಂತರ ವರದಿಯಾಯಿತು, ವಿವರಣೆಗೆ ಬಲ ಬಂತು. ಪಾಶ್ಚಾತ್ಯರು ಬರೆದಿಟ್ಟ ಎಚ್ಚರಿಕೆಯ ಪಟ್ಟಿಗಳಲ್ಲಿ ದ್ರಾಕ್ಷಿ ಎದ್ದು ಕಾಣುತ್ತದೆ. ನಮ್ಮ ಪಟ್ಟಿಯಲ್ಲಿ ಮೊದಲು ಬರಬೇಕಾದದ್ದು ಹುಣಸೆ: ಪುಳಿಯೋಗರೆ ಗೊಜ್ಜು, ಹುಣಸೆಯ ಉಂಡೆ, ಸಾರಿಗೆಂದು ಕಿವುಚಿಟ್ಟ ಬಟ್ಟಲು. ಅದರ ಜೊತೆಗೆ ಕೇಸರಿಬಾತು, ಪಾಯಸದಲ್ಲಿರುವ ಒಣದ್ರಾಕ್ಷಿ. ಒಂದು ತುತ್ತು ಪಾಯಸ ತಾನೇ ಎಂದು ತಟ್ಟೆಯಿಂದ ಹಾಕುವ ಅಭ್ಯಾಸವನ್ನು ಬಿಡಲು ಇಷ್ಟು ಕಾರಣ ಸಾಕು.

ಈರುಳ್ಳಿ, ಬೆಳ್ಳುಳ್ಳಿಯ ಏಟು ಬೀಳುವುದು ರಕ್ತದ ಮೇಲೆ. ಅವುಗಳ ಗಂಧಕದ ಸಂಯುಕ್ತಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಕ್ಕಿನ ಹಿಮೊಗ್ಲೋಬಿನ್ ಇದಕ್ಕೆ ಇನ್ನಷ್ಟು ಸುಲಭದ ತುತ್ತು. ಅದರ ತೂಕದ ಪ್ರತಿ ಕಿಲೊಗೆ 5 ಗ್ರಾಂ ಈರುಳ್ಳಿಯೇ ಹಾನಿಗೆ ಸಾಕು. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಯುಗಾದಿಯ ಮರುದಿನದ ಹೊಸತೊಡಕಿನ ಬಾಡೂಟದಲ್ಲಿ ಉಳಿದ ಸಾರನ್ನು ನಾಯಿ ಬೆಕ್ಕುಗಳಿಗೆ ಸುರಿಯುವವರು ಇದನ್ನು ನೆನಪಿಡಬೇಕು. ಸುಸ್ತು, ಬಿಳಿಚಿದ ಒಸಡು, ಕಂದು ಮೂತ್ರ ಕಾಣಿಸುವುದು ತಿಂದ ಕೆಲವು ದಿನಗಳ ಮೇಲೆ. ಆಗ ಆ ಊಟದ ನೆನಪೇ ಯಾರಿಗೂ ಇರುವುದಿಲ್ಲ.

ಮಾಲೆಯ ದಾರ

ಬೆಕ್ಕಿನ ನಾಲಿಗೆಯ ಮೇಲೆ ಗಂಟಲಿನತ್ತ ಬಾಗಿದ ಸಣ್ಣ ಮುಳ್ಳುಗಳಿವೆ. ಮೈ ಬಾಚಿಕೊಳ್ಳಲು ಅವು ಅತ್ಯುತ್ತಮ ಸಾಧನ. ಆದರೆ ಆಡುತ್ತ ಆಡುತ್ತ ಬಾಯಿಗೆ ಹೋದ ದಾರ ಆ ಮುಳ್ಳುಗಳಿಗೆ ಸಿಕ್ಕರೆ ಉಗುಳುವುದು ಕಷ್ಟ, ಒಳಕ್ಕೇ ಸಾಗುತ್ತದೆ. ಹೂವಿನ ಮಾಲೆಯ ನೂಲು, ಅಲಂಕಾರದ ಜರಿ, ಉಡುಗೊರೆಯ ರಿಬ್ಬನ್ ಎಲ್ಲಕ್ಕೂ ಇದೇ ಹಾದಿ. ದಾರದ ಒಂದು ತುದಿ ನಾಲಿಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡರೆ ಉಳಿದದ್ದನ್ನು ಕರುಳು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಆಗ ಲಾಡಿ ಎಳೆದ ಪೈಜಾಮದ ಸೊಂಟದಂತೆ ಕರುಳು ನೆರಿಗೆಗಟ್ಟುತ್ತದೆ, ಬಿಗಿದ ದಾರ ಅದರ ಗೋಡೆಯನ್ನೇ ಕೊಯ್ಯುತ್ತದೆ. ಬಾಯಿಂದಲೋ ಹಿಂದಿನಿಂದಲೋ ದಾರ ಜೋತಾಡುವುದು ಕಂಡರೆ ಎಳೆಯಲೇಬಾರದು, ಶಸ್ತ್ರಚಿಕಿತ್ಸೆ ಬೇಕಾಗಬಹುದು. ಬಾಡಿದ ಮಾಲೆಯನ್ನು ಮುಚ್ಚಳವಿರುವ ಬುಟ್ಟಿಗೇ ಹಾಕಿ.

ಪಟಾಕಿಯ ಸದ್ದು, ಪಟಾಕಿಯ ಕಸ

ನಮ್ಮ ಕಿವಿ ಸೆಕೆಂಡಿಗೆ 20 ಸಾವಿರ ಕಂಪನಗಳವರೆಗಿನ ಸದ್ದನ್ನು ಕೇಳಿಸಿಕೊಳ್ಳುತ್ತದೆ. ನಾಯಿಯದು ಸುಮಾರು 45 ಸಾವಿರದವರೆಗೆ, ಬೆಕ್ಕಿನದು 60 ಸಾವಿರವನ್ನೂ ದಾಟುತ್ತದೆ. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರಬಾರದೆಂಬುದು ಪಟಾಕಿಗೆ ನಮ್ಮ ಕಾನೂನು ಹಾಕಿರುವ ಮಿತಿ. ಅಷ್ಟು ಸದ್ದು ಮನುಷ್ಯನ ಕಿವಿಗೇ ನೋವು ಕೊಡುವಂಥದ್ದು. ಯಾವಾಗ, ಎಲ್ಲಿಂದ ಸಿಡಿಯುತ್ತದೆಂದು ತಿಳಿಯದ ಪ್ರಾಣಿಗೆ ಪ್ರತಿ ಸಿಡಿತವೂ ಹೊಸ ದಾಳಿ. ಬೆದರಿದ ನಾಯಿ ಗೇಟು ಹಾರಿ ಓಡಿ ದಾರಿ ತಪ್ಪುತ್ತದೆ.

ದೀಪಾವಳಿಯ ಸಂಜೆ ಕತ್ತಲಾಗುವ ಮೊದಲೇ ನಾಯಿಯನ್ನು ತಿರುಗಾಡಿಸಿ ತನ್ನಿ. ಒಳಕೋಣೆಯಲ್ಲಿ ಕಿಟಕಿ ಮುಚ್ಚಿ, ಪರದೆ ಎಳೆದು, ಫ್ಯಾನನ್ನೋ ಟಿವಿಯನ್ನೋ ಹಾಕಿಡಿ. ಕೊರಳ ಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಹೆದರಿದ ನಾಯಿಯನ್ನು ಸಂತೈಸಿದರೆ ಹೆದರಿಕೆ ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ, ಪಕ್ಕದಲ್ಲಿ ಕುಳಿತು ಮೈದಡವಿ. ಪ್ರತಿವರ್ಷ ತೀವ್ರವಾಗಿ ನಡುಗುವ ನಾಯಿಯಾದರೆ ಹಬ್ಬಕ್ಕೆ ಕೆಲವು ವಾರ ಮೊದಲೇ ಪಶುವೈದ್ಯರನ್ನು ಕಾಣಿ. ಭಯ ತಗ್ಗಿಸುವ ಒಳ್ಳೆಯ ಔಷಧಗಳಿವೆ.

ಮರುದಿನ ಬೆಳಗ್ಗೆ ಬೀದಿಯಲ್ಲಿ ಸಿಡಿಯದೆ ಉಳಿದ ಪಟಾಕಿ ಬಿದ್ದಿರುತ್ತದೆ. ಹಸಿರು ಬಣ್ಣಕ್ಕೆ ಬಳಸುವ ಬೇರಿಯಂ ಲವಣಗಳನ್ನು ಸುಪ್ರೀಂ ಕೋರ್ಟ್ 2018ರಲ್ಲೇ ನಿಷೇಧಿಸಿದೆ, ಆದರೂ ಅಂಥ ಪಟಾಕಿ ಮಾರುಕಟ್ಟೆಗೆ ಬರುತ್ತಿದೆ ಎಂದು 2021ರಲ್ಲಿ ಮತ್ತೆ ಎಚ್ಚರಿಸಿದೆ. ಕರಗುವ ಬೇರಿಯಂ ಹೊಟ್ಟೆಗೆ ಹೋದರೆ ರಕ್ತದ ಪೊಟ್ಯಾಸಿಯಂ ಕುಸಿದು ಸ್ನಾಯುಗಳು ಸೋಲುತ್ತವೆ, ಹೃದಯ ಲಯ ತಪ್ಪುತ್ತದೆ. ನಮ್ಮ ಮನೆಯ ಮುಂದಿನ ಪಟಾಕಿ ಕಸವನ್ನು ಆ ರಾತ್ರಿಯೇ ಗುಡಿಸಿದರೆ ಬೀದಿನಾಯಿಗಳೂ ಉಳಿಯುತ್ತವೆ.

ಆದದ್ದು ಆಗಿಹೋದರೆ

ಏನನ್ನೋ ತಿಂದಿದೆ ಎಂಬ ಅನುಮಾನ ಬಂದರೆ ಲಕ್ಷಣ ಕಾಣಲಿ ಎಂದು ಕಾಯಬೇಡಿ. ತಿಂದು ಒಂದೆರಡು ಗಂಟೆಯೊಳಗಾದರೆ ವೈದ್ಯರು ವಾಂತಿ ಮಾಡಿಸಿ ಹೆಚ್ಚಿನದನ್ನು ಹೊರತೆಗೆಯಬಹುದು. ಪೊಟ್ಟಣವನ್ನೋ ಉಳಿದ ತುಂಡನ್ನೋ ಜೊತೆಗೆ ಒಯ್ಯಿರಿ. ಏನು, ಎಷ್ಟು, ಯಾವಾಗ ಎಂಬ ಮೂರು ಪ್ರಶ್ನೆಗಳ ಉತ್ತರದ ಮೇಲೆ ಚಿಕಿತ್ಸೆ ನಿಂತಿದೆ. ಉಪ್ಪುನೀರು ಕುಡಿಸಬೇಡಿ, ರಕ್ತದಲ್ಲಿ ಸೋಡಿಯಂ ಏರಿ ಮಿದುಳಿಗೆ ಅಪಾಯ. ಹುಣಸೆ ರಸದ ಮನೆಮದ್ದಂತೂ ಬೇಡವೇ ಬೇಡ.

ಹಬ್ಬದ ದಿನ ಹಲವು ಕ್ಲಿನಿಕ್‌ಗಳು ಮುಚ್ಚಿರುತ್ತವೆ. ಆ ದಿನ ತೆರೆದಿರುವ ಪಶುವೈದ್ಯರ ನಂಬರನ್ನು ಹಬ್ಬಕ್ಕೆ ಮೊದಲೇ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿ. ತಟ್ಟೆಯಿಂದ ಏನನ್ನೂ ಹಾಕಬಾರದೆಂದು ಮನೆಗೆ ಬಂದ ನೆಂಟರಿಗೆ, ಮಕ್ಕಳಿಗೆ ಬಾಯಿಬಿಟ್ಟು ಹೇಳಿ. ತನಗೇನು ವಿಷವೆಂದು ನಾಯಿಗೂ ಗೊತ್ತಿಲ್ಲ, ಬೆಕ್ಕಿಗೂ ಗೊತ್ತಿಲ್ಲ. ಅದು ಗೊತ್ತಿರಬೇಕಾದವರು ಅವನ್ನು ಮನೆಗೆ ತಂದ ನಾವು.